ಕುಂಡೆಕುಸ್ಕ ಮುಟ್ಟಿದ ಕಜ್ಜಾಯ

ಹೇಮಾವತಿಗೆ ಇನ್ನೂ ಅಣೆಕಟ್ಟು ಬಿದ್ದಿರದ ಕಾಲ. ಹೊಳೆನರಸೀಪುರದ ಹತ್ತಿರ, ಹೊಳೆದಂಡೆಯ ನಮ್ಮೂರಿನಲ್ಲಿ ಕ್ಯಾಲೆಂಡರು ಇದ್ದದ್ದು ಶಾನುಭೋಗರ ಮನೆಯ ಗೋಡೆಯ ಮೇಲೊಂದೇ. ಉಳಿದವರಿಗೆ ತಿಂಗಳು ತಿಳಿಸುತ್ತಿದ್ದವರು ಹಕ್ಕಿಗಳು. ಮಳೆ ಹಿಂದಾಗಿ ಹೊಳೆಯ ಕೆನ್ನೀರು ತಿಳಿಯಾಗುವ ಹೊತ್ತಿಗೆ, ಚನ್ನರಾಯಪಟ್ಟಣದ ಕಡೆ ಕೆರೆಗಳಿಗೆ ಬಾತುಗಳು ಇಳಿದವಂತೆ ಎಂದು ಸಂತೆಗೆ ಹೋಗಿಬಂದವರು ಸುದ್ದಿ ತರುತ್ತಿದ್ದರು. ನಮ್ಮ ಬಿದಿರು ಮೆಳೆಯಲ್ಲಿ ನವರಂಗ ಹಕ್ಕಿ ಬೆಳಿಗ್ಗೆ ಸಂಜೆ ಎರಡೇ ಸ್ವರದ ಶಿಳ್ಳೆ ಹಾಕುತ್ತಿತ್ತು. ರುದ್ರಪಟ್ಟಣದ ಸಂಗೀತ ವಿದ್ವಾಂಸರು ಯಾರಾದರೂ ಕೇಳಿದ್ದರೆ ಪಕ್ಕದಲ್ಲಿ ಕೂತು ಮೂರನೆಯದನ್ನು ಹೇಳಿಕೊಡುತ್ತಿದ್ದರೋ ಏನೋ. ಇವೆಲ್ಲಕ್ಕೂ ಮೊದಲು ಒಂದು ಬೆಳಿಗ್ಗೆ, ಬಟ್ಟೆ ಒಗೆಯುವ ಬಂಡೆಯ ಮೇಲೆ, ಕುಂಡೆಕುಸ್ಕ.

ನಗಬೇಡಿ, ಆ ಹಕ್ಕಿಗೆ ನಮ್ಮ ಕಡೆ ಇರುವ ಹೆಸರೇ ಅದು. ಬೂದಿ ಬೆನ್ನು, ಹಳದಿ ಹೊಟ್ಟೆ, ಮೈಗಿಂತ ಉದ್ದದ ಬಾಲ. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುವುದು. ಇದು ಹಿಮಾಲಯದಿಂದ ಹಾರಿ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಊರಲ್ಲಿ ಯಾರೂ ನಂಬಲಿಲ್ಲ. ಹಿಮಾಲಯ ಬಿಟ್ಟು ನಮ್ಮೂರಿಗೆ ಬರೋಕೆ ಅದಕ್ಕೇನು ತಲೆ ಕೆಟ್ಟಿದೆಯೇ ಎಂದು ನಾನೇ ಮೇಷ್ಟ್ರ ಮೂಗಿನ ದನಿಯಲ್ಲಿ ಎಲ್ಲರನ್ನೂ ನಗಿಸಿದ್ದೆ.

ಅಣಕಿಸುವುದೇ ನನ್ನ ಕಸುಬು. ಮೇಷ್ಟ್ರು, ಕಂಡಕ್ಟರು, ಎಮ್ಮೆ, ಕೀಲೆಣ್ಣೆ ಕಾಣದ ಗಾಡಿ, ಎಲ್ಲ ನನ್ನ ಬಾಯಲ್ಲಿದ್ದವು. ಕನ್ನಡಿ ಸಿಕ್ಕಿದರೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ತಾತನ ನಡಿಗೆ. ತಾತ ಪ್ರಾಯದಲ್ಲಿ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಬೂದಿ ಬಣ್ಣದ ಕಂಬಳಿ ಹೊದ್ದು ನಾಲ್ಕು ಹೆಜ್ಜೆ ಬಿರುಸಾಗಿ ನಡೆದು ನಿಲ್ಲುತ್ತಿದ್ದ. ನಿಂತಾಗ ಹಿಂಭಾಗ ತಾನಾಗಿ ಎರಡು ಸಲ ಕುಲುಕುತ್ತಿತ್ತು. ಅದಕ್ಕೇ ಊರವರು ಬೆನ್ನ ಹಿಂದೆ ಅವನನ್ನು ಕುಂಡೆಕುಸ್ಕ ಅನ್ನುತ್ತಿದ್ದರು. ಅಜ್ಜಿಯ ಕಿವಿಗೆ ಆ ಮಾತು ಬಿದ್ದರೆ ಪೊರಕೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಹಕ್ಕಿಯನ್ನು ಕೂಡ ನಮ್ಮ ಮನೆಯಲ್ಲಿ "ಆ ಅಕ್ಕಿ" ಅಂತಲೇ ಅನ್ನಬೇಕಿತ್ತು. ತಾತನಿಗೆ ಮಾತ್ರ ಬೇಸರವಿರಲಿಲ್ಲ. ನಾನು ಅವನಂತೆ ನಡೆದು ತೋರಿಸಿದರೆ ಕಣ್ಣು ಕಿರಿದು ಮಾಡಿ ನೋಡಿ, "ಎಡಗಾಲು ಇನ್ನೊಸಿ ಎಳೀಬೇಕು ಕಣ್ಲಾ" ಎಂದು ತಿದ್ದುತ್ತಿದ್ದ.

ಮಳೆಗಾಲವೆಲ್ಲ ತಾತ ಊರಲ್ಲಿರುತ್ತಿರಲಿಲ್ಲ. ಸಾಲಗಾಮೆಯಲ್ಲಿ ಗಂಡನಿಲ್ಲದ ತನ್ನ ಅಕ್ಕನ ಹೊಲಕ್ಕೆ ಆಲೂಗಡ್ಡೆ ಹಾಕಿಸಲು ಹೋದವನು, ಗಡ್ಡೆ ಕಿತ್ತು ಮುಗಿದ ಮೇಲೆ, ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬಕ್ಕೆ ಸರಿಯಾಗಿ ಬರುತ್ತಿದ್ದ. ಹಬ್ಬದ ಹಿಂದಿನ ದಿನ ಅಜ್ಜಿ ಕಾರಣವೇ ಇಲ್ಲದೆ ಹತ್ತು ಸಲ ಬೀದಿಬಾಗಿಲಿಗೆ ಬರುತ್ತಿದ್ದಳು.

ಆ ತಾತ ತೀರಿಕೊಂಡ. ಕೊನೆಯ ವಾರ ಹಾಸಿಗೆಯಲ್ಲಿ ಕಜ್ಜಾಯ ಕೇಳಿದ್ದ. ಡಾಕ್ಟರು ಸಿಹಿ ಬೇಡ ಅಂದಿದ್ದರು, ಅಜ್ಜಿ ಕೊಡಲಿಲ್ಲ. ಅವನು ಗೋಡೆ ಕಡೆ ತಿರುಗಿ ಮಲಗಿದನಂತೆ. ವರ್ಷ ತುಂಬಿದ ಮೇಲೆ ಬಂದ ಮೊದಲ ಪಕ್ಷಕ್ಕೆ ಅಜ್ಜಿ ಬೇರೆ ಯಾರಿಗೂ ಒಲೆ ಮುಟ್ಟಗೊಡದೆ ತಾನೇ ಕಜ್ಜಾಯ ಸುಟ್ಟಳು. ಬೆಲ್ಲದ ಪಾಕ, ಎಳ್ಳು, ಕಾದ ಎಣ್ಣೆಯ ವಾಸನೆ ಹಟ್ಟಿಯಾಚೆಗೂ ಹೋಗಿತ್ತು. ಒಳಗೆ ಎಡೆ ಇಟ್ಟು ಧೂಪ ಹಾಕಿ, ಬಾಳೆಲೆಯಲ್ಲಿ ಒಂದು ಪಾಲನ್ನು ಅಂಗಳದ ಕಲ್ಲಿನ ಮೇಲೆ ಇಟ್ಟರು. ಕಾಗೆ ಮುಟ್ಟಿದರೆ ಹಿರಿಯರು ಒಪ್ಪಿದರು ಎಂದರ್ಥ. ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ.

ಕಾಗೆ ಬರಲಿಲ್ಲ. ಹೊತ್ತು ನೆತ್ತಿಗೇರಿತು. ಕೊನೆಗೆ ಅಪ್ಪ ನನ್ನ ಕಡೆ ತಿರುಗಿ, ದಿನವೆಲ್ಲ ಅರಚ್ತೀಯಲ್ಲ, ಈಗ ಅರಚು, ಒಂದು ಕಾಗೆ ಕರಿ ನೋಡೋಣ ಅಂದರು.

ಇಂಥ ಗೌರವ ನನಗೆ ಮೊದಲನೆಯದು. ಎದೆ ತುಂಬ ಉಸಿರೆಳೆದು ಕೂಗಿದೆ. ಆದರೆ ನಾನು ಕಾಗೆ ಭಾಷೆ ಕಲಿತದ್ದು ಗೂಡಿನಿಂದ ಮರಿ ಬಿದ್ದು, ಊರ ಕಾಗೆಯೆಲ್ಲ ಸೇರಿ ಬೊಬ್ಬೆ ಹೊಡೆದ ದಿನ. ನನಗೆ ಬರುತ್ತಿದ್ದದ್ದು ಆ ಒಂದೇ ಕೂಗು. ಗಳಿಗೆಯೊಳಗೆ ಹೊಳೆ ಆಚೆಯ ಕಾಗೆಗಳೂ ಬಂದು ನಮ್ಮ ಹೆಂಚಿನ ಮೇಲೆ ಸುತ್ತು ಹೊಡೆಯುತ್ತ ಕಿರುಚಿದವು. ಒಂದೂ ಕೆಳಗಿಳಿಯಲಿಲ್ಲ. ನನ್ನ ತಲೆಗೊಂದು ಕುಕ್ಕಿ ಹಾಗೇ ಹೊರಟುಹೋದವು.

ಅಜ್ಜಿ ಕಂಬಕ್ಕೆ ಒರಗಿ, "ಇನ್ನೂ ಸಿಟ್ಟು ಓಗಿಲ್ಲ" ಅಂದಳು.

ಅದು ತಾತನ ಸಿಟ್ಟಲ್ಲ, ನನ್ನ ಕೂಗಿನ ತಪ್ಪು ಎಂದು ನಾನು ಹೇಳುತ್ತಲೇ ಇದ್ದೆ. ಕೇಳುವವರಿರಲಿಲ್ಲ. ಆಗಲೇ ಬಚ್ಚಲ ಕಡೆಯಿಂದ "ಚಿಟಿಕ್" ಎಂಬ ಸದ್ದು. ನೀರು ಚಿಮುಕಿಸಿದ ಅಂಗಳಕ್ಕೆ ಅದು ಇಳಿಯಿತು, ಆ ವರ್ಷದ ಮೊದಲನೆಯದು. ನಾಲ್ಕು ಹೆಜ್ಜೆ ಓಡಿತು, ನಿಂತಿತು, ಎರಡು ಸಲ ಕುಲುಕಿತು. ಮತ್ತೆ ಓಡಿ ಕಲ್ಲು ಹತ್ತಿತು. ಕಜ್ಜಾಯದ ಮೇಲೆ ಕೂತಿದ್ದ ನೊಣವನ್ನು ಟಕ್ಕನೆ ಕುಕ್ಕಿತು. ಕಜ್ಜಾಯ ಒಂದಿಷ್ಟು ಅಲ್ಲಾಡಿತು.

ಅಪ್ಪ ಅದನ್ನು ಓಡಿಸಲು ಕೈ ಎತ್ತಿದರು. "ಕಾಗೆ ಮುಟ್ಬೇಕು ಕಣವ್ವ. ಇದ್ಯಾವ್ದೋ ಪರದೇಶಿ ಅಕ್ಕಿ."

"ಮಳೆಗಾಲ್ದಲ್ಲಿ ನಿಮ್ಮಪ್ಪ ಊರಲ್ಲಿರ್ತಿತ್ತೇನ್ಲಾ?" ಅಜ್ಜಿ ಕಣ್ಣು ತೆಗೆಯದೆ ಕೇಳಿದಳು. ಹಕ್ಕಿ ಇನ್ನೊಮ್ಮೆ ಕುಲುಕಿತು. ಅಜ್ಜಿಯ ಬಾಯಂಚಿನಲ್ಲಿ ನಗು ಕಂಡಿತು. ಜೀವಮಾನವೆಲ್ಲ ಪೊರಕೆ ಹಿಡಿದು ತಡೆದಿದ್ದ ಮಾತನ್ನು ತಾನೇ ಅಂದಳು: "ಕುಂಡೆಕುಸ್ಕ ಬಂತು. ಎಲೆ ಆಕ್ರಲಾ, ಮಕ್ಳು ಅಸ್ಕೊಂಡವೆ."

ಅಷ್ಟು ಜನರಲ್ಲಿ ನೋಡಲು ಬಲ್ಲವಳು ಅವಳೊಬ್ಬಳೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮೇಷ್ಟ್ರು ಹೇಳಿದ್ದೂ ನಿಜವೇ ಎಂದು ದೊಡ್ಡವನಾದ ಮೇಲೆ ಗೊತ್ತಾಯಿತು. ಒಂದು ಹಿಡಿ ಅವಲಕ್ಕಿಯಷ್ಟು ತೂಗದ ಜೀವ, ಬೆಟ್ಟ ಬಯಲು ದಾಟಿ ನಮ್ಮ ಬಚ್ಚಲ ನೀರಿನ ವಿಳಾಸ ಹುಡುಕಿಕೊಂಡು ಬರುತ್ತಿತ್ತು. ಮೇಷ್ಟ್ರನ್ನು ಅಣಕಿಸುವುದನ್ನು ಅದಕ್ಕಾಗಿ ನಿಲ್ಲಿಸಲಿಲ್ಲ ಅನ್ನಿ.

ಈಗ ಹಾಸನದ ನಮ್ಮ ಮನೆಗೆ ಅಂಗಳವಿಲ್ಲ, ತಾರಸಿ ಇದೆ. ಪಕ್ಷದ ದಿನ ಎಲೆಯನ್ನು ನೀರಿನ ಟ್ಯಾಂಕಿನ ಪಕ್ಕ ಇಟ್ಟು ಇಳಿದು ಬರುತ್ತೇವೆ. ಯಾರು ಮುಟ್ಟಿದರು, ಯಾರಿಗೆ ಸಿಟ್ಟು ಎಂದು ಕಾಯುವವರಿಲ್ಲ, ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ. ಹಕ್ಕಿ ಈಗಲೂ ಬರುತ್ತದೆ, ಟ್ಯಾಂಕು ತುಂಬಿ ಸೋರಿದ ನೀರಿನಲ್ಲಿ ಓಡಾಡಿ ಹೋಗುತ್ತದೆ. ನನಗೆ ಮಂಡಿ ಸವೆದಿದೆ. ತಾತನ ನಡಿಗೆ ತಾನಾಗಿಯೇ ಬರುತ್ತದೆ, ಎಡಗಾಲು ಅವನು ಹೇಳಿದಷ್ಟೇ ಎಳೆಯುತ್ತದೆ. ಆದರೆ ಬೆನ್ನ ಹಿಂದೆ ಕುಂಡೆಕುಸ್ಕ ಅನ್ನುವವರಿಲ್ಲ. ಅಂದವರನ್ನು ಪೊರಕೆ ಹಿಡಿದು ಅಟ್ಟುವವಳೂ ಇಲ್ಲ.