ಮುನ್ನೂರು ವಾಕ್ಯಗಳು

ಮುದ್ದೇಬಿಹಾಳದ ಬಸ್ ನಿಲ್ದಾಣಕ್ಕೆ ಹೋಗಿ ಬರುವವರಿಗೆಲ್ಲ ಪರಪ್ಪನ ಧ್ವನಿ ಗೊತ್ತಿತ್ತು. ಮುಖ ಗೊತ್ತಿದ್ದವರು ಕಡಿಮೆ. ಇಪ್ಪತ್ತೊಂದು ವರ್ಷ ಅವನು ನಿಯಂತ್ರಣ ಕೊಠಡಿಯ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದ. "ಬಸವನ ಬಾಗೇವಾಡಿ ಮಾರ್ಗವಾಗಿ ವಿಜಯಪುರಕ್ಕೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ" ಎಂದು ಅವನು ಹೇಳಿದರೆ, ಎದುರಿನ ಚಹಾದಂಗಡಿಯಲ್ಲಿ ಕೂತವರು ಕಪ್ಪು ಕೆಳಗಿಟ್ಟು ಏಳುತ್ತಿದ್ದರು.

ಆ ಧ್ವನಿಯನ್ನು ಉಳಿಸಿಕೊಳ್ಳಲು ಹೊರಟವಳು ಅವನ ಹೆಂಡತಿ ಸುಜಾತಾ.

ಸುಜಾತಾ ಮೋರಟಗಿಯವಳು. ಅಪ್ಪ ಅಮೋಘಸಿದ್ಧ ಕುರಿ ಕಾಯುತ್ತಿದ್ದ. ಮಗಳು ಸಿಂದಗಿಯಲ್ಲಿ ಪಿಯುಸಿ ಓದುತ್ತ, ಸಂಜೆ ಟೈಪಿಂಗ್ ಕಲಿಯುತ್ತೇನೆಂದಾಗ ಅವನು ಯಾಕೆ ಎಂದು ಕೇಳಲಿಲ್ಲ. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ಮೇಲೆ ಆ ಟೈಪಿಂಗೇ ಅವಳ ಕೆಲಸವಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ, ಆನ್‌ಲೈನ್ ಅರ್ಜಿ ಎಲ್ಲ ಮಾಡಿಕೊಡುತ್ತಿದ್ದಳು. ಎಂಟು ವರ್ಷದ ಹಳೆಯ ಕಂಪ್ಯೂಟರ್. ಅದರ ಮೇಲೆ ಯಾರೂ ಕೈ ಇಡುವಂತಿರಲಿಲ್ಲ. ಮಗಳು ಕೂಡ, ಇಂಡಿಗೆ ಮದುವೆಯಾಗಿ ಹೋಗುವ ತನಕ, ಕೇಳಿಯೇ ಮುಟ್ಟುತ್ತಿದ್ದಳು.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಪರಪ್ಪನ ಗಂಟಲು ಒಡೆಯಿತು. ಥಂಡಿ ಅಂದುಕೊಂಡರು. ಕಷಾಯ ಆಯಿತು, ಊರಿನ ಡಾಕ್ಟರರ ಗುಳಿಗೆ ಆಯಿತು. ಫೆಬ್ರುವರಿಯಲ್ಲಿ ನಿಲ್ದಾಣದ ಮೇಲಧಿಕಾರಿ ಅವನನ್ನು ಮೈಕಿನಿಂದ ಎಬ್ಬಿಸಿ, "ಮೊದಲ ತೋರಿಸ್ಕೊಂಡ್ ಬಾರಪಾ" ಎಂದು ರಜೆ ಕೊಟ್ಟರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೋರಿಸಿದಾಗ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಎಂದರು. ಇಡೀ ಪೆಟ್ಟಿಗೆಯನ್ನೇ ತೆಗೆಯಬೇಕು. ಏಪ್ರಿಲ್ ಇಪ್ಪತ್ತೆಂಟಕ್ಕೆ ಆಪರೇಷನ್ ಎಂದು ಬರೆದುಕೊಟ್ಟರು.

ಅಲ್ಲಿ ಮಾತಿನ ಚಿಕಿತ್ಸೆ ಮಾಡುವ ಐಶ್ವರ್ಯ ಎಂಬ ಹುಡುಗಿ ಇದ್ದಳು. ಅವಳೇ ಸುಜಾತಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದು.

"ಅಕ್ಕಾರ, ಒಂದು ಪ್ರೋಗ್ರಾಂ ಐತ್ರಿ. ಇನ್ನೂ ಪ್ರಯೋಗದಾಗ ಐತಿ, ನಾ ಆಸೆ ಹಚ್ಚಂಗಿಲ್ಲ. ಅದರಾಗ ಮುನ್ನೂರು ವಾಕ್ಯ ಅದಾವ. ಅವನ್ನ ಅಣ್ಣಾರು ಓದಿ ರೆಕಾರ್ಡ್ ಮಾಡಿದ್ರ, ಮುಂದ ನೀವು ಟೈಪ್ ಮಾಡಿದ್ದನ್ನ ಕಂಪ್ಯೂಟರ್ ಅವರ ಧ್ವನಿಯಾಗ ಮಾತಾಡತೈತಿ."

"ಮೊಬೈಲ್‌ನ್ಯಾಗ ಆಗಂಗಿಲ್ಲೇನ್ರಿ?"

"ಇಲ್ರಿ, ಕಂಪ್ಯೂಟರ್ ಬೇಕು, ನಾ ಕೊಡೋ ಮೈಕ್ ಬೇಕು. ಮತ್ತ ಖೋಲಿ ಶಾಂತ ಇರಬೇಕು. ಸ್ವಲ್ಪ ಸದ್ದಿದ್ರೂ ಅದು ವಾಕ್ಯ ತಗೊಳ್ಳಂಗಿಲ್ಲ. ಇಲ್ಲಿ ನಮ್ಮ ಖೋಲಿ ಐತಿ, ಆದ್ರ ಅಣ್ಣಾರ ಗಂಟಲಾ ದಿನಕ್ಕ ಇಪ್ಪತ್ತು ವಾಕ್ಯದ ಮ್ಯಾಲ ತಡ್ಯಂಗಿಲ್ಲ. ಅದಕ್ಕಂತ ಹದಿನೈದು ದಿನ ಹುಬ್ಬಳ್ಳ್ಯಾಗ ಹೆಂಗ ಇರ್ತೀರಿ?"

ಸುಜಾತಾ ಮೈಕನ್ನು ಸೆರಗಿನಲ್ಲಿ ಸುತ್ತಿಕೊಂಡು ಊರಿಗೆ ತಂದಳು. ಏಪ್ರಿಲ್ ನಾಲ್ಕು. ಕೈಯಲ್ಲಿ ಇಪ್ಪತ್ತಮೂರು ದಿನ ಇದ್ದವು. ಸಾಕು ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಕಿಟಕಿ ಮುಚ್ಚಿ, ಬಾಗಿಲಿಗೆ ಕೌದಿ ತೂಗುಹಾಕಿ, ಮೇಲಿನ ಫ್ಯಾನು ಬಂದ್ ಮಾಡಿ ಇಬ್ಬರೂ ಕೂತರು. ಪ್ರೋಗ್ರಾಂ ಮೊದಲು ಹತ್ತು ಸೆಕೆಂಡು ಸುಮ್ಮನಿರಲು ಹೇಳಿತು. ಸುಮ್ಮನಿದ್ದರು. ಪರದೆಯ ಮೇಲೆ ಕೆಂಪು ಪಟ್ಟಿ ಬಂತು: ಹಿನ್ನೆಲೆಯಲ್ಲಿ ಸದ್ದು ಹೆಚ್ಚಾಗಿದೆ.

ಸುಜಾತಾ ಸುತ್ತ ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಆಗ, ಎಂಟು ವರ್ಷದಲ್ಲಿ ಮೊದಲ ಸಲ, ಮೇಜಿನ ಕೆಳಗಿನ ಸಿಪಿಯು ಡಬ್ಬಿಯ ಸದ್ದು ಅವಳಿಗೆ ಕೇಳಿಸಿತು. ಅದು ಗುಂಯ್ಯೆಂದು ಒಂದೇ ಸಮನೆ ಕೂಗುತ್ತಿತ್ತು.

"ಇದು ದಿನಾ ಹಿಂಗ ಒದರತೈತೇನ?" ಅಂದ ಪರಪ್ಪ.

"ನನಗೂ ಗೊತ್ತಿರಲಿಲ್ರಿ."

ಆದರೂ ಅವನು ಓದಿದ. "ಮಾವಿನ ಹಣ್ಣು ಬುಟ್ಟಿಯಲ್ಲಿದೆ." "ಆಕಾಶದಲ್ಲಿ ಗಾಳಿಪಟ ಹಾರುತ್ತಿದೆ." ಒಡೆದ ಗಂಟಲಿನಲ್ಲೂ ಬಸ್ಸು ಕೂಗಿದ ಹಾಗೆಯೇ ಓದುತ್ತಿದ್ದ. ಸುಜಾತಾ ನಕ್ಕಳು. "ಮನ್ಯಾಗ ಮಾತಾಡಿದಂಗ ಓದಬೇಕಂತ್ರಿ."

"ಮನ್ಯಾಗ ಯಾವಾಗ ನಾ ಗಾಳಿಪಟದ ಮಾತ ಆಡೇನಿ?"

ಇಪ್ಪತ್ತು ವಾಕ್ಯ ಓದುವಷ್ಟರಲ್ಲಿ ಅವನ ಕುತ್ತಿಗೆಯ ನರ ಉಬ್ಬಿದ್ದವು. ಪ್ರೋಗ್ರಾಂ ಒಪ್ಪಿದ್ದು ಎರಡು.

ಮಧ್ಯಾಹ್ನವೇ ಅವಳು ಮುಬಿನನನ್ನು ಕರೆಸಿದಳು. ಮುಬಿನನದು ಮಾರುಕಟ್ಟೆ ಪ್ರಾಂಗಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ. ಪರಪ್ಪನಿಗೆ ಹಳೆಯ ಪರಿಚಯ. ಅವನು ಡಬ್ಬಿಯ ಮಗ್ಗುಲ ತಗಡು ಬಿಚ್ಚಿದಾಗ ಒಳಗೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿದ. ಬಿಸಿ ಹೊರಹೋಗಲೆಂದು ಒಳಗಿನ ಚಿಪ್ ಮೇಲೆ ಹಚ್ಚಿದ್ದ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದ.

"ಒಳಗ ಕಾಯ್ದಂಗ ಕಾಯ್ದಂಗ ಫ್ಯಾನ್ ಜೋರ ತಿರಗತೈತ್ರಿ ಅಕ್ಕಾರ. ಸದ್ದು ಕಮ್ಮಿ ಆಗಬೇಕಂದ್ರ ಮೊದಲ ಅದು ತಂಪ ಆಗಬೇಕು."

"ಈ ಬ್ಯಾಸಗ್ಯಾಗ ಮನಷ್ಯಾರ ತಂಪ ಆಗವಲ್ರು, ಮುಬಿನಭಾಯಿ."

"ಹೌದ್ರಿ. ಅದಾ ತೊಂದ್ರಿ."

ಹಾಗೇ ಆಯಿತು. ಕಂಪ್ಯೂಟರ್ ಚಾಲು ಮಾಡಿದ ಮೊದಲ ಹತ್ತು ನಿಮಿಷ ಡಬ್ಬಿ ಪಿಸುಗುಡುತ್ತಿತ್ತು. ಆಮೇಲೆ ಮುಚ್ಚಿದ ಕೋಣೆಯ ಝಳಕ್ಕೆ ಮತ್ತೆ ಕೂಗಲು ಶುರು. ಆ ಹತ್ತು ನಿಮಿಷದಲ್ಲಿ ಒಂದು ದಿನ ಆರು ವಾಕ್ಯ, ಇನ್ನೊಂದು ದಿನ ಏಳು ಸಿಕ್ಕವು.

ಸುಜಾತಾ ವಿಡಿಯೊ ನೋಡಿ ತಾನೇ ಕಲಿಯತೊಡಗಿದಳು. ಇಷ್ಟು ವರ್ಷ ಕೀಲಿಮಣೆ ಬಿಟ್ಟು ಬೇರೇನೂ ಮುಟ್ಟದವಳು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತಳು. ಡಬ್ಬಿಯ ಕೆಳಗೆ ಹಳೆಯ ಚಪ್ಪಲಿ ಕತ್ತರಿಸಿ ರಬ್ಬರಿನ ತುಂಡು ಇಟ್ಟಳು. ಅದರ ನಡುಕ ನಿಂತಿತು. ಸೆಟ್ಟಿಂಗಿನೊಳಗೆ ಹೊಕ್ಕು ಫ್ಯಾನಿನ ವೇಗ ಇಳಿಸಿದಳು. ಸದ್ದು ತಗ್ಗಿತು. ಆ ದಿನ ಒಂಬತ್ತು ವಾಕ್ಯ ಒಂದರ ಹಿಂದೊಂದು ಒಪ್ಪಿಗೆಯಾದವು. ಪರಪ್ಪ ಹತ್ತನೆಯದಕ್ಕೆ ಬಾಯಿ ತೆರೆದಾಗ ಪರದೆ ಕಪ್ಪಾಯಿತು. ಒಳಗಿನ ಬಿಸಿ ತಾಳದೆ ಕಂಪ್ಯೂಟರ್ ತಾನೇ ಬಂದಾಗಿತ್ತು. ಮತ್ತೆ ಹಚ್ಚಿ ನೋಡಿದರೆ ಆ ಒಂಬತ್ತೂ ಇರಲಿಲ್ಲ.

"ಇನ್ನೊಮ್ಮೆ ಓದ್ತೇನಿ ತಗೋ" ಅಂದ ಪರಪ್ಪ. ಓದಲು ಆಗಲಿಲ್ಲ. ಕೆಮ್ಮು ಬಂತು, ಕರವಸ್ತ್ರದಲ್ಲಿ ರಕ್ತದ ಗೆರೆ ಇತ್ತು. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವಳು ನೋಡಿದಳು.

ಆಮೇಲೆ ನಸುಕಿನ ಐದಕ್ಕೆ ಎದ್ದು ಮಾಡಿದರು. ಗಾಳಿ ತಂಪಾಗಿರುವ ಹೊತ್ತು ಅದೊಂದೇ. ಒಂದು ದಿನ ಹದಿನೇಳು ಸಿಕ್ಕವು. ಮರುದಿನ ಹಿಂದಿನ ಮನೆಯವರ ಬೋರಿನ ಮೋಟರು ಐದಕ್ಕೇ ಶುರುವಾಯಿತು. ಸುಜಾತಾ ಹೋಗಿ ಕೇಳಿಕೊಂಡಳು. ಆ ಮನೆಯ ರೇವವ್ವ, "ಪರಪ್ಪಣ್ಣಗ ಅಂದ್ರ ಬಿಡವ್ವ, ಎಂಟಕ್ಕ ಹಚ್ತೇವಿ" ಎಂದಳು. ಅದಾದ ಮೇಲೆ ಡಬ್ಬಿಯೊಳಗಿಂದಲೇ ಬೇರೊಂದು ಸದ್ದು ಎದ್ದಿತು. ಕರೆಂಟು ಹಂಚುವ ಪೆಟ್ಟಿಗೆಯ ಫ್ಯಾನು ಸವೆದು ಕಟಕಟ ಅನ್ನುತ್ತಿತ್ತು. ಮುಬಿನ ವಿಜಯಪುರದಿಂದ ಹೊಸದು ತರಿಸುತ್ತೇನೆಂದ. ಐದು ದಿನ ಹಿಡಿಯಿತು.

ಆ ಐದು ದಿನ ಸುಜಾತಾ ಬೇರೆ ದಾರಿ ಹುಡುಕಿದಳು. ನಿಲ್ದಾಣದಲ್ಲಿ ಕೇಳಿದಳು, ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ಯಾರೂ ಅವನ ಕೂಗನ್ನು ರೆಕಾರ್ಡ್ ಮಾಡಿಟ್ಟಿರಲಿಲ್ಲ. ಒಬ್ಬ ಕಂಡಕ್ಟರನ ಮೊಬೈಲಿನಲ್ಲಿ ಯಾವನೋ ಡ್ರೈವರನ ಬೀಳ್ಕೊಡುಗೆಯ ವಿಡಿಯೊ ಇತ್ತು. ಅದರಲ್ಲಿ ಹಾರ್ನುಗಳ ಹಿಂದೆ ಪರಪ್ಪ ತಾಳಿಕೋಟೆ ಬಸ್ಸು ಕೂಗುತ್ತಿದ್ದ. ಐಶ್ವರ್ಯಳಿಗೆ ಕಳಿಸಿದಳು. ಇದರಿಂದ ಏನೂ ಆಗುವುದಿಲ್ಲ ಎಂದು ಉತ್ತರ ಬಂತು.

ಈ ನಡುವೆ ಗಂಟಲು ಕಾಯಲಿಲ್ಲ. ಒಂದೊಂದು ದಿನಕ್ಕೆ ಒಂದೊಂದು ಅಕ್ಷರ ಹೋಗುತ್ತಿದ್ದ ಹಾಗೆ ಧ್ವನಿ ತೆಳುವಾಯಿತು. ಪರದೆಯ ಮೇಲೆ ಈಗ ಬೇರೆ ಕೆಂಪು ಪಟ್ಟಿ: ಧ್ವನಿ ಸ್ಪಷ್ಟವಾಗಿಲ್ಲ.

ಹತ್ತೊಂಬತ್ತನೇ ತಾರೀಕು ಹೊಸ ಪೆಟ್ಟಿಗೆ ಕೂರಿಸಲು ಬಂದ ಮುಬಿನ, ಡಬ್ಬಿಯನ್ನು ಎಳೆಯುತ್ತ ತನ್ನಷ್ಟಕ್ಕೆ ಹೇಳಿಕೊಂಡ. "ಇದನ್ನ ಈ ಖೋಲ್ಯಾಗ ಇಡಬೇಕಂತ ಏನೈತಿ?"

ಸುಜಾತಾ ಅವನನ್ನೇ ನೋಡಿದಳು.

"ಅಡಗಿಮನ್ಯಾಗ ಇಟ್ಟು, ವಾಯರ್ ಅಷ್ಟ ಇತ್ಲಾಗ ತಂದ್ರ? ಗ್ವಾಡಿಗೆ ಒಂದು ತೂತು ಹೊಡದ್ರ ಆತು. ಉದ್ದನ ವಾಯರ್ ನನ್ನ ಅಂಗಡ್ಯಾಗ ಅದಾವ, ಅಕ್ಕಾರ."

ಹದಿನೈದು ದಿನದ ಹಿಂದೆ ಯಾರಿಗೂ ಹೊಳೆಯದ ಮಾತು ಅದು. ಪರಪ್ಪನೇ ಎದ್ದು ಚಾಣ, ಸುತ್ತಿಗೆ ತಂದ. ಕಲ್ಲಿನ ಗೋಡೆ. ಅವನು ಹೊಡೆಯುತ್ತ ಹೊಡೆಯುತ್ತ ಏದುಸಿರು ಬಿಡತೊಡಗಿದಾಗ ಮುಬಿನ ಸುತ್ತಿಗೆ ಇಸಿದುಕೊಂಡ. ಸಂಜೆಯ ಹೊತ್ತಿಗೆ ಡಬ್ಬಿ ಜೋಳದ ಡಬ್ಬದ ಮಗ್ಗುಲಲ್ಲಿ ಕೂತಿತು. ಅಲ್ಲಿ ಕಿಟಕಿ ತೆರೆದಿತ್ತು, ಮೇಜಿನ ಫ್ಯಾನು ಅದರ ಮೇಲೆ ಗಾಳಿ ಹೊಡೆಯುತ್ತಿತ್ತು. ಎಷ್ಟು ಕೂಗಿದರೂ ಯಾರಿಗೂ ಅಡ್ಡಿಯಿಲ್ಲ. ಮುಂದಿನ ಕೋಣೆಯಲ್ಲಿ ಉಳಿದದ್ದು ಪರದೆ, ಕೀಲಿಮಣೆ ಮತ್ತು ಮೈಕು ಮಾತ್ರ.

ಮರುದಿನ ನಸುಕಿನಲ್ಲಿ ಪ್ರೋಗ್ರಾಂ ಹತ್ತು ಸೆಕೆಂಡು ಕೇಳಿಸಿಕೊಂಡು ಹಸಿರು ಪಟ್ಟಿ ತೋರಿಸಿತು. ಅಂಥ ಹಸಿರು ಅವರು ಒಂದು ದಿನವೂ ಕಂಡಿರಲಿಲ್ಲ. ಸುಜಾತಾ ಗಂಡನ ಮೊಣಕಾಲು ಹಿಡಿದುಕೊಂಡು, "ಓದ್ರಿ" ಎಂದಳು.

ಪರಪ್ಪ ಓದಿದ. ತುಟಿ ಆಡಿತು, ಉಸಿರು ಬಂತು, ಧ್ವನಿ ಬರಲಿಲ್ಲ. ನೀರು ಕುಡಿದು ಮತ್ತೆ ಓದಿದ. ಪಟ್ಟಿ ಕೆಂಪಾಯಿತು. ಆ ದಿನ ಹತ್ತಾರು ಸಲ ಪ್ರಯತ್ನಿಸಿ ನಾಲ್ಕು ವಾಕ್ಯ ಹಿಡಿದರು. ಮರುದಿನ ಎರಡು. ಇಪ್ಪತ್ತೆರಡರಂದು ಬೆಳಿಗ್ಗೆ ಅವನಿಗೆ ಉಸಿರಾಡಲಿಕ್ಕೇ ಆಗಲಿಲ್ಲ. ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಹೋದ ಕೂಡಲೇ ಗಂಟಲಿಗೆ ತೂತು ಮಾಡಿ ನಳಿಕೆ ಕೂರಿಸಿದರು. ಅಲ್ಲಿಗೆ ಮಾತು ಮುಗಿಯಿತು. ಮುನ್ನೂರರಲ್ಲಿ ಸಿಕ್ಕಿದ್ದು ಮೂವತ್ತೆಂಟು. ಒಂದು ವಾರ ಬಿಟ್ಟು ಧ್ವನಿಪೆಟ್ಟಿಗೆ ತೆಗೆದರು.

ಐಶ್ವರ್ಯ ಕೈಬಿಡಲಿಲ್ಲ. ಮೂವತ್ತೆಂಟು ಬಹಳ ಕಡಿಮೆ, ಆದರೂ ನೋಡೋಣ ಎಂದಳು. ಜೂನ್ ಕೊನೆಗೆ, ಅವುಗಳಿಂದ ಮಾಡಿದ ಧ್ವನಿಯನ್ನು ಕಳಿಸಿಕೊಟ್ಟಳು. ಸುಜಾತಾ ಮಧ್ಯಾಹ್ನ ಊಟವಾದ ಮೇಲೆ ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕುತ್ತಿಗೆಯ ತೂತಿನ ಮೇಲೆ ಅವನು ಬಿಳಿ ಬಟ್ಟೆ ಕಟ್ಟಿಕೊಂಡಿದ್ದ. ಅವಳು ಏನು ಟೈಪ್ ಮಾಡುವುದೆಂದು ಸ್ವಲ್ಪ ಯೋಚಿಸಿ, "ಸುಜಾತಾ, ಊಟ ಆತೇನ?" ಎಂದು ಹಾಕಿದಳು. ಅವನು ದಿನಾ ಡ್ಯೂಟಿಯಿಂದ ಫೋನ್ ಮಾಡಿ ಕೇಳುತ್ತಿದ್ದ ಮಾತು.

ಸ್ಪೀಕರಿನಿಂದ ಬಂದದ್ದು ಗಂಡಸಿನ ಧ್ವನಿ ಹೌದು. ಎಲ್ಲೋ ಬಾವಿಯ ತಳದಲ್ಲಿ ನಿಂತು, ಕನ್ನಡ ಹೊಸದಾಗಿ ಕಲಿತವನೊಬ್ಬ ಓದಿದಂತಿತ್ತು. ಅವಳ ಹೆಸರನ್ನು ಅದು ಎರಡು ತುಂಡು ಮಾಡಿ ಹೇಳಿತು.

ಪರಪ್ಪ ಕೇಳಿದ. ಜೇಬಿನಿಂದ ನೋಟ್‌ಬುಕ್ಕು ತೆಗೆದು, "ಯಾರಿದು?" ಎಂದು ಬರೆದ.

ಅವಳು ಇನ್ನೊಂದು ಮಾತು ಹಾಕಿ ನೋಡಲು ಕೈ ಚಾಚಿದಳು. ಅವನು ಅವಳ ಕೈ ಹಿಡಿದು, ತಲೆಯಲ್ಲಾಡಿಸಿ, ಅದೇ ಹಾಳೆಯಲ್ಲಿ ಕೆಳಗೆ ಬರೆದ: "ತಗದು ಬಿಡು."

"ಮೊದಲನೇ ದಿನಾನ ಅಡಗಿಮನ್ಯಾಗ ಇಟ್ಟಿದ್ರ ಆಗ್ತಿತ್ತು" ಎಂದಳು ಸುಜಾತಾ. ಅದನ್ನು ಅವಳು ಎರಡು ತಿಂಗಳಿಂದ ಒಳಗೇ ಹೇಳಿಕೊಂಡಿದ್ದಳು. "ಕಂಪ್ಯೂಟರ್ ನಂದು. ನನಗ ಹೊಳೀಬೇಕಿತ್ತು. ಧೂಳ ಹೊಡಕೋತ, ಸ್ಕ್ರೂ ತಿರುವಿಕೋತ ಕುಂತೆ. ನಿಮ್ಮ ಧ್ವನಿ ಇರೋ ದಿನಾ ಎಲ್ಲಾ ಅದರಾಗ ಹೋದವು."

ಅವನು ಪೆನ್ನು ಕೆಳಗಿಟ್ಟ. ಅವಳ ಬೆನ್ನ ಮೇಲೆ ಕೈ ಇಟ್ಟ, ಅಷ್ಟೇ.

ಪರಪ್ಪನಿಗೆ ಡಿಪೋದಲ್ಲಿ ಟೈರುಗಳ ರಿಜಿಸ್ಟರ್ ಬರೆಯುವ ಕೆಲಸ ಕೊಟ್ಟರು. ಬಸ್ ನಿಲ್ದಾಣದ ಕಡೆ ಅವನು ಹೋಗುವುದಿಲ್ಲ. ಇಂಡಿಯಿಂದ ಮಗಳು ಭಾನುವಾರ ಫೋನ್ ಮಾಡಿದಾಗ ಸುಜಾತಾ ಅದನ್ನು ಅವನ ಕಿವಿಗೆ ಹಿಡಿಯುತ್ತಾಳೆ. ಮಗಳು ಒಬ್ಬಳೇ ಮಾತಾಡುತ್ತಾಳೆ, ಮಾತಾಡಿ ಮುಗಿಸುತ್ತಾಳೆ. ಅವನು ಉಗುರಿನಿಂದ ಫೋನನ್ನು ಎರಡು ಸಲ ತಟ್ಟುತ್ತಾನೆ. ಮಗಳು ಇಟ್ಟುಬಿಡುತ್ತಾಳೆ.

ಸೆಪ್ಟೆಂಬರಿನಲ್ಲಿ ತಪಾಸಣೆಗೆ ಹೋದಾಗ ಕುತ್ತಿಗೆಯ ಗಂಟುಗಳಲ್ಲಿ ಮತ್ತೆ ಕಾಣಿಸಿದೆ ಎಂದರು. ಶ್ವಾಸಕೋಶದಲ್ಲೂ ಇದೆ. ಇನ್ನು ಕೊಡುವುದೆಲ್ಲ ನೋವು ಕಡಿಮೆ ಮಾಡುವ ಔಷಧ ಎಂದು ಡಾಕ್ಟರು ಸುಜಾತಾಳನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದಾಗ ಪರಪ್ಪ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟ. "ಎಷ್ಟು ದಿನ?" ಎಂದು ಬರೆದಿತ್ತು.

"ಹೇಳಿಲ್ರಿ" ಎಂದಳು.

ಅವನು ಅವಳ ಮುಖ ನೋಡಿ, ನೋಟ್‌ಬುಕ್ಕು ವಾಪಸು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಸಂಜೆಯ ಬಸ್ಸಿನಲ್ಲಿ ಊರಿಗೆ ಹೊರಟರು. ಬಸ್ಸು ತುಂಬಿತ್ತು, ಅವನಿಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತು, ಅವಳಿಗೆ ಎರಡು ಸಾಲು ಹಿಂದೆ. ನವಲಗುಂದ ದಾಟುವ ತನಕ ಅವಳು ಅವನ ತಲೆಯ ಹಿಂಭಾಗವನ್ನೇ ನೋಡುತ್ತ ಕೂತಿದ್ದಳು.