ಬಸ್‌ ಸ್ಟ್ಯಾಂಡಿನ ಅಕ್ಕನಿಗೆ ನಾವಿದ್ದೆವು

ಕಳೆದ ವಾರ ಮೇಲೂರಿನ ಹತ್ತಿರ ರೇಷ್ಮೆಗೂಡು ಬೇಯಿಸುವ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಅಕ್ಕನೇ ಬಂದು ಪಕ್ಕದಲ್ಲಿ ಕೂತಂತಾಯಿತು. ಅವಳ ಸೀರೆಯ ವಾಸನೆ ಅದು...

ಅವಳು ನನ್ನ ಒಡಹುಟ್ಟಿದವಳಲ್ಲ. ಗಂಡ ತೀರಿಕೊಂಡ ಮೇಲೆ ಮೈದುನರು ಕೆಂಚಾರ್ಲಹಳ್ಳಿಯ ಮನೆಯಿಂದ ನನ್ನನ್ನು ಹೊರಗೆ ಹಾಕಿದರು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಒಂದು ಬ್ಯಾಗು ಹಿಡಿದು ಶಿಡ್ಲಘಟ್ಟದ ಬಸ್‌ ಸ್ಟ್ಯಾಂಡಿನಲ್ಲಿ ಎರಡು ದಿನ ಕೂತಿದ್ದೆ. ಎಷ್ಟು ಜನ ಓಡಾಡಿದರು, ಒಬ್ಬರೂ ಏನಮ್ಮ ಎನ್ನಲಿಲ್ಲ. ಮೂರನೆಯ ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬಳು ಟೀ ತಂದು ಕೈಗಿಟ್ಟಳು.

"ಕುಡಿಯಮ್ಮ. ನಾನೂ ಹಿಂಗೇ ಬಂದೋಳು ಕಣೇ. ಇವತ್ತಿಗೂ ಆ ಅಂಗಡಿ ಜಗುಲಿ ಮೇಲೇ ಮಲಗ್ತೀನಿ."

ಯಾಕೆ ಬಂದೆ, ಏನು ತಪ್ಪು ಮಾಡಿದೆ ಎಂದು ಅವಳು ಕೇಳಲಿಲ್ಲ. ಹೆಂಗಸರು ಭಯವಿಲ್ಲದೆ ಸ್ನಾನ ಮಾಡಬಹುದಾದ ಜಾಗ ತೋರಿಸಿದಳು. ಮಲಗುವಾಗ ಬ್ಯಾಗನ್ನು ಕಾಲಿಗೆ ಕಟ್ಟಿಕೊಳ್ಳುವುದನ್ನು ಕಲಿಸಿದಳು. ತಾನು ಗೂಡು ಬೇಯಿಸುತ್ತಿದ್ದ ಘಟಕಕ್ಕೇ ನನ್ನನ್ನೂ ಸೇರಿಸಿದಳು. ನನ್ನನ್ನೂ ಸೇರಿ ಏಳು ಜನರನ್ನು ಅವಳು ಹೀಗೆ ಹುಡುಕಿಕೊಂಡಿದ್ದಳು. ಯಾರಿಗೆ ಜ್ವರ ಬಂದರೂ ಕೆಲಸ ಬಿಟ್ಟು ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದಳು.

ನನ್ನ ರೇಷನ್ ಕಾರ್ಡಿಗೆಂದು ತಾಲ್ಲೂಕು ಕಚೇರಿಗೆ ಹೋದಾಗ ಗುಮಾಸ್ತ ತಲೆ ಎತ್ತದೆ, "ವಿಳಾಸ ಇಲ್ದೆ ಆಗಲ್ಲಮ್ಮ, ಹೋಗಿ" ಎಂದ.

"ಮನುಷ್ಯಳೇ ಎದುರಿಗೆ ನಿಂತವ್ಳಲ್ಲ ಸ್ವಾಮಿ, ಕಾಣಿಸ್ತಿಲ್ವಾ?" ಎಂದಳು ಅಕ್ಕ.

ಐದು ಸಲ ಹೋದೆವು. ಐದನೆಯ ಸಲ ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕೊನೆಗೆ ಘಟಕದ ಸಾಹುಕಾರರ ವಿಳಾಸಕ್ಕೆ ಕಾರ್ಡು ಬಂತು.

ಮುಂದೆ ನನಗೆ ಚಿಂತಾಮಣಿಯ ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತು, ಬಾಡಿಗೆಗೆ ಒಂದು ರೂಮು ಹಿಡಿದೆ. ಬಂದು ಜೊತೆಗಿರು ಎಂದು ಎಷ್ಟು ಕರೆದರೂ ಅವಳು ಒಪ್ಪಲಿಲ್ಲ.

"ನಾನು ಬಂದ್ಬಿಟ್ರೆ ನಾಳೆ ಬಸ್ಸಿಳಿಯೋಳ್ನ ಯಾರೇ ಮಾತಾಡ್ಸೋರು?"

ಆ ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ಹೋಗಿಬಿಟ್ಟಳು. ಏಳೂ ಜನ ಓಡಿದೆವು. ದೇಹ ಕೊಡಿ, ನಾವೇ ಮಣ್ಣು ಮಾಡುತ್ತೇವೆ ಎಂದೆವು.

"ನೀವೇನಾಗಬೇಕು?" ಎಂದ ಆಸ್ಪತ್ರೆಯ ಗುಮಾಸ್ತ.

"ತಂಗೀರು."

"ಏಳು ಜನಾನೂ? ದಾಖಲೆ ತೋರ್ಸಿ."

ದಾಖಲೆ! ಆ ನಾಲ್ಕು ದಿನ ಪಾಳಿಯ ಮೇಲೆ ಕೂತು ಅವಳಿಗೆ ಗಂಜಿ ಕುಡಿಸಿದ್ದು, ತಲೆ ಬಾಚಿದ್ದು ಯಾವ ಕಾಗದದಲ್ಲಿದೆ? ನಾವು ಅಳುತ್ತಾ ನಿಂತಿರುವಾಗಲೇ, ನಮ್ಮ ಕಣ್ಣೆದುರಿಗೇ, ಆತ ರಿಜಿಸ್ಟರಿನಲ್ಲಿ ಬರೆದ: ವಾರಸುದಾರರಿಲ್ಲ.

ನಾಳೆ ನಾನು ಸತ್ತರೆ, ನನ್ನನ್ನು ಬೀದಿಗೆ ಹಾಕಿದ ಮೈದುನರು ಕಾಗದ ಹಿಡಿದು ಬಂದು ಹಕ್ಕಿನಿಂದ ನನ್ನ ಹೆಣ ಕೇಳಬಹುದು. ಅವಳ ಕೈಯಿಂದ ಉಂಡ ನಾವು ಮಾತ್ರ ಅವಳಿಗೆ ಯಾರೂ ಅಲ್ಲ. ಇದು ಯಾವ ಸೀಮೆ ನ್ಯಾಯ?

ಮೂರು ದಿನ ಅಲೆಸಿದರು. ನಾಲ್ಕನೆಯ ದಿನ ಹೋದರೆ ಹೂತು ಆಗಿತ್ತು. ಎಲ್ಲಿ ಎಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು...

ಈಗ ಭಾನುವಾರ ಸರದಿಯ ಮೇಲೆ ನಾವೇ ಬಸ್‌ ಸ್ಟ್ಯಾಂಡಿಗೆ ಹೋಗುತ್ತೇವೆ. ದಿಕ್ಕಿಲ್ಲದೆ ಬಂದು ಕೂರುವ ಹೆಂಗಸರೇನೂ ಕಡಿಮೆಯಾಗಿಲ್ಲ. ಅವರನ್ನು ಮಾತಾಡಿಸುತ್ತೇವೆ. ಆದರೆ ಅವಳಿಗೊಂದು ಹೂವಿಟ್ಟು ಬರೋಣವೆಂದರೆ, ಸ್ಮಶಾನದ ಅಷ್ಟು ದಿಬ್ಬಗಳಲ್ಲಿ ಅವಳದು ಯಾವುದೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ.