ಅಕ್ಕನ ಬಿಪಿ, ನನ್ನ ಡಾಕ್ಟರಿಕೆ

ಉಪ್ಪು ಬಿಡು ಅಂತ ಸಲಹೆ ಕೊಡುವುದು ಬಹಳ ಸುಲಭ. ಓದಿರಬೇಕಿಲ್ಲ, ರೋಗಿಯನ್ನು ನೋಡಲೂ ಬೇಕಿಲ್ಲ. ಹೋದ ತಿಂಗಳು ನಾನೂ ಕೊಟ್ಟೆ, ಮೊರಬದಲ್ಲಿರುವ ನನ್ನ ಅಕ್ಕನಿಗೆ.

ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ. "ತಮ್ಮಾ, ಕುಂತಾಕಿ ಎದ್ದ ಕೂಡ್ಲೇ ಕಣ್ಣಿಗೆ ಕತ್ಲಿ ಬರ್ತೈತಿ. ಮೈಯೆಲ್ಲಾ ತಣ್ಣಗ ಬೆವರ್ತೈತಿ."

"ಬಿಪಿ ಆಗೇತಿ ಅಕ್ಕಾ. ಇವತ್ತಿಂದ ಉಪ್ಪು ಬಂದ್ ಮಾಡು," ಅಂದೆ. (ನಮ್ಮ ಕಡೆ ಬಿಪಿ ಅಂದರೆ ಏರುವುದು ಮಾತ್ರ. ಅದು ಇಳಿಯುತ್ತದೆ ಕೂಡ ಅಂತ ಯಾರಿಗೆ ನೆನಪಿರುತ್ತದೆ?)

ತಮ್ಮ ಪೇಪರಿಗೆ ಬರೆಯುವವನಲ್ಲವೇ, ಅಕ್ಕ ನಂಬಿದಳು. ಪಲ್ಯ ಸಪ್ಪೆ, ಸಾರು ಸಪ್ಪೆ. ಉಪ್ಪಿನಕಾಯಿ ಮುಟ್ಟಲಿಲ್ಲ. ವಾರ ಕಳೆಯುವುದರೊಳಗೆ, ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು ಎದ್ದು ನಿಂತಳು, ಹಾಗೇ ಬಿದ್ದಳು. ಕೈಯಲ್ಲಿದ್ದ ಕುರ್ಪಿ ಕಣ್ಣಿನ ಪಕ್ಕದಲ್ಲೇ ಮಣ್ಣಿಗೆ ಚುಚ್ಚಿಕೊಂಡಿತ್ತಂತೆ. ಬೆರಳಷ್ಟು ಅಂತರ.

ಜೊತೆಗಿದ್ದವರು ಮೂಗಿಗೆ ಉಳ್ಳಾಗಡ್ಡಿ ಹಿಡಿದರಂತೆ. ಒಬ್ಬಾಕೆ ಮಾತ್ರ ಅಕ್ಕನ ಕಾಲೆತ್ತಿ ಬುತ್ತಿ ಗಂಟಿನ ಮೇಲಿಟ್ಟಳಂತೆ. ನಮ್ಮೆಲ್ಲರಲ್ಲಿ ಸರಿಯಾದ ಕೆಲಸ ಮಾಡಿದ್ದು ಅವಳೊಬ್ಬಳೇ ಎಂದು ಆಮೇಲೆ ಗೊತ್ತಾಯಿತು.

ನವಲಗುಂದಕ್ಕೆ ಕರೆದುಕೊಂಡು ಹೋದೆ. ಡಾಕ್ಟರ್ ಹೆಣ್ಣುಮಗಳು. ಅಕ್ಕನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತ ಕೂಡಲೇ ಇಳಿಯಿತು.

"ಲೋ ಬಿಪಿ ಐತ್ರಿ. ಎದ್ದಾಗ ಚಕ್ಕರ್, ಕಣ್ಣು ಮಂಜು, ತಣ್ಣನ ಬೆವರು, ಸುಸ್ತು, ಎಲ್ಲಾ ಅದರ ಲಕ್ಷಣಾನ. ಉಪ್ಪು ಯಾರು ಬಿಡಿಸಿದ್ರು?"

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ದೊಡ್ಡ ಮನಸ್ಸು. ನಾನೇ ಒಪ್ಪಿಕೊಂಡೆ, ಬೈಸಿಕೊಂಡೆ.

"ಹೊಲದಾಗ ನೀರು ಎಷ್ಟು ಕುಡೀತೀರಿ?" ಡಾಕ್ಟರ್ ಕೇಳಿದರು. ಅಕ್ಕ ಈಗ ನನ್ನ ಕಡೆ ನೋಡಿದಳು. ಡಾಕ್ಟರ್ ನನಗೆ ಹೊರಗೆ ಕೂಡಲು ಹೇಳಿದರು. ಅಡ್ಡ ಇದ್ದದ್ದು ಒಂದು ಪರದೆ, ಮಾತೆಲ್ಲ ಕೇಳಿಸಿತು.

"ಮುಂಜಾನೆ ಚಾ ಕುಡಿದು ಹೋದ್ರ, ಸಂಜೀಕ ಮನಿಗೆ ಬಂದ ಮ್ಯಾಲೇ ನೀರು ಕುಡಿಯೂದ್ರಿ. ಎರಿ ಹೊಲ, ಬಟಾಬಯಲು. ಮರೆಯಾಗಾಕ ಒಂದು ಗಿಡಾ ಇಲ್ಲ. ಕುಡಿದ್ರ ಎಲ್ಲಿ ಹೋಗ್ಲಿ? ಕಳೆ ತಗಿಯಾಕ ಬರೋರು ಎಲ್ಲಾರೂ ಹಂಗ ಮಾಡ್ತೀವ್ರಿ."

ಎಲ್ಲರೂ ಅಂತೆ. ಅದೇ ಹೊಲದ ಬದುವಿನಲ್ಲಿ ಕೂತು ನಾನು ಎಷ್ಟು ಸಲ ರೊಟ್ಟಿ ತಿಂದಿಲ್ಲ, ಗಟಗಟ ನೀರು ಕುಡಿದಿಲ್ಲ? ಬೇಕೆಂದಾಗ ಎದ್ದು ಹೋಗಿ, ಬೆನ್ನು ತಿರುಗಿಸಿ ನಿಂತರೆ ನನ್ನ ಕೆಲಸ ಮುಗಿಯುತ್ತಿತ್ತು. ನಾಚಿಕೆಯಾಯಿತು.

ಡಾಕ್ಟರ್ ಚೀಟಿಯಲ್ಲಿ ನೀರು ಕುಡಿಯಲು ಬರೆದರು. ಉಪ್ಪು ಎಷ್ಟು ಎಂದೂ ಬರೆದರು. (ಇನ್ನು ಮುಂದೆ ಆ ಲೆಕ್ಕ ಅವರದೇ.)

ವಾಪಸು ಹೋದಾಗ ಅಕ್ಕನ ಗಂಡ, ನಮ್ಮ ಮಾಮಾ, ಮನೆ ಮುಂದೆ ಶೆಡ್ಡಿಗೆ ಹೊಸ ತಗಡು ಹೊದಿಸುತ್ತಿದ್ದರು. ಟ್ರ್ಯಾಕ್ಟರ್ ಬಿಸಿಲಿಗೆ ನಿಲ್ಲಬಾರದಂತೆ. ನಡೆದದ್ದನ್ನು ಹೇಳಿ, ಹೊಲದಲ್ಲಿ ಹೆಂಗಸರ ಮರೆಗೆ ನಾಲ್ಕು ಬಿದಿರು ಗಳ ನೆಟ್ಟು ಸುತ್ತ ಒಂದು ತಾಡಪತ್ರಿ ಕಟ್ಟಿಸಿ ಅಂದೆ. ಮಾಮಾ ತಗಡು ಕೆಳಗಿಟ್ಟರು.

"ಇಷ್ಟ್ ವರ್ಷ ಹೇಳೇ ಇಲ್ಲಲ್ಲೋ ಈಕಿ?"

"ಕೇಳಿದವರು ಯಾರು ಮಾಮಾ?"